ತೊಳೆಯದೆ ಕಳಿಸಿದ ಕೊಳವೆ

ಸಬೀಹಾ ಅವರೇ, ಆ ದಿನ ನಾನು ತೊಳೆದಿರಲಿಲ್ಲ. ತೊಳೆದೆ ಎಂದು ದಾಖಲೆ ಪುಸ್ತಕದಲ್ಲಿ ಬರೆದೆ, ಸರ್ ಕೇಳಿದಾಗ ಬಾಯಲ್ಲೂ ಹೇಳಿದೆ. ಎರಡೂ ಸುಳ್ಳು. ಹತ್ತು ವರ್ಷ ಈ ಮಾತನ್ನು ನುಂಗಿಕೊಂಡು ಬಂದೆ — ಇನ್ನು ಆಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಮಗಳೂರಿನ ಆ ಪುಟ್ಟ ಪ್ರಯೋಗಾಲಯದಲ್ಲಿ ನಾವಿಬ್ಬರೇ ಸಹಾಯಕರು. ಕಾಫಿ ಸಸಿಯ ಬೇರು ಅರೆದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸುವುದು ನಮ್ಮ ಕೆಲಸ. ಅವಕ್ಕೆ ತಮ್ಮದೇ ಡಿಎನ್‌ಎ ಉಂಟು. ನ್ಯೂಕ್ಲಿಯಸ್ಸಿನ ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳಿರುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಅವುಗಳ ಪಾತ್ರವಿದೆಯೆಂದು ಆಗ ಚರ್ಚೆ ನಡೆದಿತ್ತು. ಮೈಟೊಕಾಂಡ್ರಿಯದ ಡಿಎನ್‌ಎ ಮೇಲೂ ಆ ಗುರುತು ಇದೆಯೇ? ಇದೆ ಎಂದೇ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸರ್ ನಂಬಿದ್ದರು.

ಬೇರು ಅರೆಯುವಾಗ ನ್ಯೂಕ್ಲಿಯಸ್ಸಿನ ಡಿಎನ್‌ಎ ಹೊರಬಿದ್ದು ಮೈಟೊಕಾಂಡ್ರಿಯದ ಹೊರಮೈಗೆ ಅಂಟುತ್ತದೆ. ಕಿಣ್ವ ಹಾಕಿ, ಒಂದು ಗಂಟೆ ಕಾದು, ಅದನ್ನು ಕರಗಿಸಿ ತೊಳೆಯಬೇಕು. ಇಲ್ಲವಾದರೆ ನ್ಯೂಕ್ಲಿಯಸ್ಸಿನ ಗುರುತನ್ನೇ ಮೈಟೊಕಾಂಡ್ರಿಯದ್ದೆಂದು ನಂಬಿ ಮೋಸಹೋಗುತ್ತೇವೆ. ನೀವು ಗೋಣಿಬೀಡಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ಮೆಕ್ಯಾನಿಕ್‌ರ ಮಗಳು. "ಪಾರ್ಚ್‌ಮೆಂಟ್ ಬೀಜ ತೊಳ್ದ ಹಾಗೇ ಮಾರಾಯ್ರೆ, ಲೋಳೆ ಪೂರ್ತಿ ಹೋಗ್ಬೇಕು," ಎನ್ನುತ್ತಿದ್ದಿರಿ. ಸಿಪ್ಪೆ ಸುಲಿದ ಆ ಕಾಫಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ನೋಡುವಂತೆ ಬೆರಳು ಉಜ್ಜಿ ತೋರಿಸುತ್ತಿದ್ದಿರಿ. ನಾನು ನಗುತ್ತಿದ್ದೆ.

ಆ ಶನಿವಾರ ನಾನು ಕಳಸಕ್ಕೆ ಹೋಗುವ ಕೊನೆಯ ಬಸ್ಸು ಹಿಡಿಯಬೇಕಿತ್ತು — ಮರುದಿನ ಹೆಣ್ಣು ನೋಡುವ ಶಾಸ್ತ್ರ. ಒಂದು ಗಂಟೆ ಕಾಯಲಿಲ್ಲ. ಕಿಣ್ವ ಹಾಕದೆಯೇ ಕೊಳವೆ ಮುಚ್ಚಿ ಮಂಜುಗಡ್ಡೆಯಲ್ಲಿಟ್ಟೆ. ಬಸ್ಸು ಸಿಕ್ಕಿತು.

ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ ನನ್ನ ಕೊಳವೆಯಲ್ಲಿ ಗುರುತು ಧಾರಾಳವಾಗಿತ್ತು, ನಿಮ್ಮದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸರ್ ಇಬ್ಬರನ್ನೂ ಕರೆಸಿದರು.

"ಸರಿಯಾಗಿ ತೊಳ್ದಿದೀಯೇನಯ್ಯ?"

"ತೊಳ್ದಿದೀನಿ ಸರ್."

ನೀವು ನನ್ನನ್ನು ಅನುಮಾನಿಸಬಹುದಿತ್ತು. ಅನುಮಾನಿಸಿದ್ದರೆ ಚೆನ್ನಾಗಿತ್ತು. ನೀವು ನಿಮ್ಮನ್ನೇ ಅನುಮಾನಿಸಿದಿರಿ. ಮರುವಾರ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನನ್ನ ಕೈಯಲ್ಲೇ ಏನೋ ತಪ್ಪಾಗ್ತಿದೆ, ನೀವೇ ನೋಡಿ ಹೇಳಿ," ಎಂದಿರಿ. ನಾನು ಮೊದಲಿಂದ ಕೊನೆಯವರೆಗೂ ನೋಡಿದೆ. ಒಂದೇ ಒಂದು ತಪ್ಪು ಇರಲಿಲ್ಲ. ಆಗಲಾದರೂ ಹೇಳಬಹುದಿತ್ತು — ನಾಲಿಗೆಯ ತುದಿಗೂ ಬಂದಿತ್ತು — ಆದರೆ ನಾನು ಹೇಳಿದ್ದು, "ನಿಮ್ಮ ಕೈ ನಡುಗುತ್ತೆ."

ಬಸ್ಸಿನ ಅವಸರಕ್ಕೆ ಮಾಡಿದ್ದು ಸೋಮಾರಿತನ. ಇದು ಹಾಗಲ್ಲ. ಇದನ್ನು ನಿಮ್ಮ ಮುಖ ನೋಡಿಕೊಂಡೇ ಹೇಳಿದೆ.

ಗುರುತು ಇದೆ ಎಂಬ ಪ್ರಬಂಧ ನನ್ನ ಮತ್ತು ಸರ್ ಹೆಸರಿನಲ್ಲಿ ಪ್ರಕಟವಾಯಿತು. ನಿಮ್ಮ ನೇಮಕವನ್ನು ಸರ್ ಮುಂದುವರಿಸಲಿಲ್ಲ. ಪಿಎಚ್‌ಡಿಗೆಂದು ತುಂಬಿಟ್ಟಿದ್ದ ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು, ನನಗೆ ಶುಭವಾಗಲಿ ಎಂದು ಹಾರೈಸಿ ಹೋದಿರಿ.

ಕಳೆದ ತಿಂಗಳು ನೀವು ಪಾಠ ಹೇಳುವ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಬಂದೆ. ನನ್ನನ್ನು ದೊಡ್ಡ ಸಂಶೋಧಕರು ಎಂದು ಮಕ್ಕಳಿಗೆ ಪರಿಚಯಿಸಿದಿರಿ. ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆದಿರಿ, ಗೆರೆ ಎಲ್ಲೂ ಅಲುಗಿರಲಿಲ್ಲ. ಪ್ರಯೋಗದ ಹೊತ್ತಿಗೆ ಮಾತ್ರ ಕೊಳವೆಯನ್ನು ಒಬ್ಬ ಹುಡುಗಿಗೆ ಕೊಟ್ಟು, "ನೀನೇ ಹಿಡ್ಕೊಳಮ್ಮ, ನನ್ನ ಕೈ ನಡುಗುತ್ತೆ," ಎಂದಿರಿ.

ಅಲ್ಲಿಂದ ಹೇಗೆ ಎದ್ದು ಬಂದೆನೋ ತಿಳಿಯದು. ಪ್ರಬಂಧವನ್ನು ಹಿಂಪಡೆಯಬೇಕೆಂದು ಸರ್‌ಗೂ ಪತ್ರಿಕೆಗೂ ಬರೆದಿದ್ದೇನೆ. ಮೈಟೊಕಾಂಡ್ರಿಯದಲ್ಲಿ ಆ ಗುರುತು ಇದೆಯೋ ಇಲ್ಲವೋ — ಅದನ್ನು ಹೇಳುವ ಯೋಗ್ಯತೆ ನನ್ನ ಕೊಳವೆಗಿಲ್ಲ, ನನಗೂ ಇಲ್ಲ. ಕ್ಷಮೆ ಕೇಳುವ ಮುಖವೂ ಇಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ನಿಮ್ಮ ಕೈ ಅಂದು ನಡುಗಲಿಲ್ಲ, ಸಬೀಹಾ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.