ಚುಕ್ಕೆಗೆರೆಯ ಬೀದಿ

ನಗರಸಭೆಯಲ್ಲಿ ನಕ್ಷೆ ಬರೆಯುತ್ತಿದ್ದ ಅವರನ್ನು ಬೀದಿಯವರು ಬೆನ್ನ ಹಿಂದೆ ‘ಸ್ಕೇಲು ಮಾವ’ ಎನ್ನುತ್ತಿದ್ದರು. ನಡೆದರೆ ನೇರ, ಮಾತಾಡಿದರೆ ನೇರ, ಬೀದಿ ಎಳೆದರಂತೂ ಇನ್ನೂ ನೇರ. ತಾವು ವಾಸವಿದ್ದ ಬೀದಿಗೆ ಆಳವಾದ ಹಳ್ಳವೊಂದು ಅಡ್ಡ ಬಂದಾಗಲೂ ಅವರ ಪೆನ್ಸಿಲ್ ಬಗ್ಗಲಿಲ್ಲ. ಹಳ್ಳದ ಈಚೆ ಗೆರೆ, ಆಚೆ ಗೆರೆ, ನಡುವೆ ಚುಕ್ಕೆಗಳು. ಮುಂದೆ ಅಲ್ಲಿ ಸೇತುವೆ ಬರುತ್ತದೆಂದು ಎರಡೂ ತುಂಡಿಗೆ ಒಂದೇ ಹೆಸರು, ಮನೆಗಳಿಗೆ ಒಂದೇ ಸಾಲಿನ ನಂಬರು. ಸೇತುವೆ ಮಾತ್ರ ಬರಲೇ ಇಲ್ಲ. ಅಂಚೆಯವರು ಹಾಕಿದ ಹಿಡಿಶಾಪದಿಂದಲೇ ಆ ಹಳ್ಳ ತುಂಬಬೇಕಿತ್ತು.

ಬೇರೆಯವರ ಮಾತು ಬಿಡಿ, ಆ ಗೆರೆಗೆ ಮೊದಲು ಮರುಳಾದವರು ಮಾವನೇ. ಮಗಳಿಗೆ ಆಚೆ ತುಂಡಿನ ಸಂಬಂಧ ಬಂದಾಗ, “ನಮ್ದು ನಲವತ್ತು, ಅವರದು ನಲವತ್ತೊಂದು. ಪಕ್ಕದ ಮನೆ ಕಣೇ!” ಎಂದು ಕುಣಿದು ಒಪ್ಪಿಬಿಟ್ಟರು. ಆ ಪಕ್ಕದ ಮನೆಗೆ ಹೋಗಲು ಎರಡು ಬಸ್ಸು ಹತ್ತಬೇಕು.

“ನಿಮ್ಮ ಚುಕ್ಕೆ ಮೇಲೆ ನಡ್ಕೊಂಡು ಹೋಗಿ ಬರ್ಲಾ?” ಎಂದು ಹೆಂಡತಿ ಚುಚ್ಚುತ್ತಿದ್ದರು. ಆದರೂ ಹಳ್ಳದಾಚೆ ಮಗಳು ಬಟ್ಟೆ ಒಣಹಾಕಲು ಬಂದಾಗ ಗೇಟಿನ ಬಳಿ ನಿಂತು ಕೈ ಬೀಸದೆ ಆಕೆಗೆ ಬೆಳಗಾಗುತ್ತಿರಲಿಲ್ಲ.

ಆಚೆ ತುಂಡಿಗೆ ಬೇರೆ ಹೆಸರಿಡೋಣವೆಂದು ಕಚೇರಿಯವರು ಹೇಳಿ ಹೇಳಿ ಸೋತರು. ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. “ಹೆಸರು ಬದಲಾದ್ರೆ ಆಮೇಲೆ ಸೇತುವೆ ಕೇಳೋಕೆ ಯಾವ ಬಾಯಿ ಇರುತ್ತೆ ನಮಗೆ?”

ಮಗಳಿಗೆ ದಿನ ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ಮಾವನ ಗೇಟಿನ ಮುಂದೆ, ಬೀದಿ ಮುಗಿಯುವಲ್ಲಿ, ಆಂಬುಲೆನ್ಸ್ ಒಂದು ಕಿರ್ರನೆ ನಿಂತಿತು.

“ನಲವತ್ತೊಂದು ಎಲ್ಲಿ ಸಾರ್? ಹೆರಿಗೆ ಕೇಸು.”

ಮಾವ ಹಳ್ಳದಾಚೆ ಬೆರಳು ತೋರಿಸಿದರು. ಮಗಳು ಗಂಡನ ಭುಜಕ್ಕೆ ಜೋತುಬಿದ್ದು ಬಾಗಿಲಲ್ಲಿ ನಿಂತಿದ್ದಳು. ಅವಳು ನರಳುವುದು ಇಲ್ಲಿಗೇ ಕೇಳುತ್ತಿತ್ತು.

ಡ್ರೈವರ್ ಹಳ್ಳವನ್ನೊಮ್ಮೆ ಇಣುಕಿ ನೋಡಿದ. “ಯಾವ ಪುಣ್ಯಾತ್ಮ ಸಾರ್ ಈ ನಂಬರ್ ಕೊಟ್ಟಿದ್ದು?”

ಪುಣ್ಯಾತ್ಮರು ಮುಂದಿನ ಸೀಟಿಗೆ ಹತ್ತಿ ಕುಳಿತು, ಊರು ಸುತ್ತುವ ದಾರಿಯುದ್ದಕ್ಕೂ ‘ಬಲಕ್ಕೆ’, ‘ಎಡಕ್ಕೆ’ ಎನ್ನುತ್ತಾ ಹೋದರು. ಅಷ್ಟು ತಿರುವುಗಳಿರುವ ದಾರಿಯನ್ನು ಅವರು ಜನ್ಮದಲ್ಲಿ ಎಳೆದಿರಲಿಲ್ಲ.

ಮಗು ಆಸ್ಪತ್ರೆಯ ಬಾಗಿಲಲ್ಲೇ ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ. ಮರುದಿನ ಮಾವ ಕಚೇರಿಗೆ ಹೋದವರೇ, ಯಾರೂ ಹೇಳದಿದ್ದರೂ, ನಕ್ಷೆ ಹರವಿ ರಬ್ಬರಿನಿಂದ ಚುಕ್ಕೆಗಳನ್ನೆಲ್ಲ ಅಳಿಸಿದರು. ಆಚೆ ತುಂಡಿಗೆ ಹೊಸ ಹೆಸರಿಡಲು, ಅಲ್ಲಿನ ಮನೆಗಳಿಗೆ ಒಂದರಿಂದ ನಂಬರು ಕೊಡಲು ತಾವೇ ಹೇಳಿದರು.

ಈ ಸಲವಾದರೂ ಹೆಂಡತಿ ಮೆಚ್ಚಿಯಾರು ಎಂದು ಮನೆಗೆ ಬಂದು ಸುದ್ದಿ ತಿಳಿಸಿದರು. ಆಕೆ ಗೇಟಿನ ಕಡೆ ನೋಡಿ ಕಣ್ಣೊರೆಸಿಕೊಂಡರು.

“ಒಳ್ಳೇದೇ ಮಾಡಿದ್ರಿ ಬಿಡಿ. ಆದ್ರೆ ಇಷ್ಟು ದಿನ ಮಗಳನ್ನ ಎಲ್ಲಿಗೆ ಕೊಟ್ರಿ ಅಂತ ಯಾರಾದ್ರೂ ಕೇಳಿದ್ರೆ, ಪಕ್ಕದ ಮನೇಗೆ ಅಂತಿದ್ದೆ.”