ಅಜ್ಜ ಕರೆಯದ ಹೆಸರು

ನಮ್ಮ ಫಾರ್ಫರ್ ಊರಿನ ಕೋರ್ಟಿನಲ್ಲಿ ತೀರ್ಪು ನ್ಯಾಯಾಧೀಶರದು. ಅದನ್ನು ಅಪರಾಧಿಯ ಹೆಸರು ಹಿಡಿದು ಕೂಗಿ ಹೇಳುವವನು ಡೆಂಪ್‌ಸ್ಟರ್. ಅವನು ಹೇಳದೆ ಯಾರನ್ನೂ ನೇಣಿಗೆ ಹಾಕುವಂತಿರಲಿಲ್ಲ. ಮೂವತ್ತು ವರ್ಷ ಆ ಕೆಲಸ ಮಾಡಿದ ನನ್ನಜ್ಜ ಗಿಲ್ಬರ್ಟ್, ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ನಾವೆಲ್ಲ ಅವನಿಗೆ ಬರೀ ‘ಮಗು’. ಮೊಮ್ಮಗಳ ಹೆಸರೂ ನೆನಪಿಲ್ಲದ ಕಲ್ಲೆದೆಯ ಮುದುಕನೆಂದು ನಾನು ಉರಿದುಬೀಳುತ್ತಿದ್ದೆ.

ಅವನು ಸಾಯುವ ದಿನ ಹಾಸಿಗೆಯ ಪಕ್ಕ ಕೂತು ಕೇಳಿದೆ: “ಅಜ್ಜಾ, ಒಂದೇ ಒಂದ್ಸಲ ಎಲ್ಸ್‌ಪೆತ್ ಅಂತ ಕರಿ.”

“ಬೇಡ ಮಗೂ. ಈ ಬಾಯಲ್ಲಿ ಹೆಸರು ಬಂದೋರು ಯಾರೂ ಉಳೀಲಿಲ್ಲ.”

ನನ್ನ ತಲೆ ಸವರಿದ. ಸಂಜೆಗೆ ಹೋಗಿಬಿಟ್ಟ.

ಊರಿನವರು ಅವನ ಕೆಲಸವನ್ನೇ ನಮ್ಮ ಮನೆತನದ ಹೆಸರು ಮಾಡಿದ್ದಾರೆ. ಈಗ ನಾನು ಎಲ್ಸ್‌ಪೆತ್ ಡೆಂಪ್‌ಸ್ಟರ್. ಅವನು ಹೇಳಲು ಹೆದರಿದ ಹೆಸರಿನ ಬೆನ್ನಿಗೇ ಅವನ ಕೆಲಸ ಅಂಟಿಕೊಂಡಿದೆ.