ಎಣ್ಣಿ ಅಂದರೆ ಯಾವ ಎಣ್ಣಿ

ಅವರ ಮೂಗು ಅವರಿಗಿಂತ ಒಂದು ಹೆಜ್ಜೆ ಮೊದಲೇ ವಾರ್ಡಿಗೆ ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ಬಾಗಿದ ಮೂಗು. ಎಡಬದಿಗೆ ತೊಗರಿಕಾಳಿನಷ್ಟು ಒಂದು ನರೂಲಿ. ತುರ್ತು ವಿಭಾಗಕ್ಕೆ ಯಾರನ್ನೇ ಕರೆತರಲಿ, ನಾಡಿ ಹಿಡಿಯುವ ಮುನ್ನ ಬಗ್ಗಿ ಒಮ್ಮೆ ಮೂಸುತ್ತಿದ್ದರು. ಮೊದಮೊದಲು ನನಗೆ ಅದು ಅಸಹ್ಯವೆನಿಸುತ್ತಿತ್ತು.

ಅವರು ನಮ್ಮ ತಾಲ್ಲೂಕು ಆಸ್ಪತ್ರೆಯ ಗಂಡು ನರ್ಸು. ಎಲ್ಲರೂ ಬ್ರದರ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಚಿಂಚೋಳಿ ತಾಲ್ಲೂಕಿನ ಐನಾಪುರದವರು. ಗಡಿಯ ಕಡೆಯಿಂದ ಬಂದವರೊಡನೆ ತೆಲುಗು ಆಡುತ್ತಿದ್ದರು; ವಾಡಿ, ಶಹಾಬಾದ್ ಊರುಗಳ ಕೆಲವರೊಡನೆ ದಖನಿ ಉರ್ದು. ನಾನು ಮೈಸೂರಿನವಳೆಂದು ನನ್ನೊಡನೆ ಪುಸ್ತಕದ ಕನ್ನಡ ಆಡಲು ಹೋಗಿ, ಎರಡನೇ ವಾಕ್ಯಕ್ಕೆ ಸೋತು, ತಾವೇ ನಗುತ್ತಿದ್ದರು.

ಎಂಬಿಬಿಎಸ್ ಮುಗಿಸಿ ನಾನು ಅಲ್ಲಿಗೆ ಬಂದಾಗ ಬೋರ್ಡಿನ ಮೇಲೆ ಐವರು ವೈದ್ಯರಿದ್ದರು, ಕುರ್ಚಿಯಲ್ಲಿ ನಾನೊಬ್ಬಳೇ. ಬಂದವರೆಲ್ಲ ನರೆತ ತಲೆಯ ಬ್ರದರಿಗೆ "ಡಾಕ್ಟರ್ ಸಾಹೇಬ್ರ" ಎಂದು ಕೈಮುಗಿದು, ನನ್ನ ಕಡೆ ತಿರುಗಿ "ಸಿಸ್ಟರ್, ಸಲೈನ್ ಹಚ್ಚವ್ವಾ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಮಾತ್ರ ದಿನಕ್ಕೆ ಹತ್ತು ಸಲವಾದರೂ ಬೇಸರವಿಲ್ಲದೆ ತಿದ್ದುತ್ತಿದ್ದರು: "ನಾ ಬ್ರದರ್ ಅದೀನ್ರಿ. ಡಾಕ್ಟರು ಅವ್ರು."

ತೊಗರಿ ಹೂವಿಗೆ ಬಂದಿದ್ದ ದಿನಗಳು. ಒಂದು ಮಧ್ಯಾಹ್ನ ಕಾಳಗಿ ಕಡೆಯ ಹಳ್ಳಿಯಿಂದ ಒಬ್ಬ ಕೂಲಿಯಾಳನ್ನು ಆಟೋದಲ್ಲಿ ಹೊತ್ತು ತಂದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಮಾತು ತೊದಲು. ಜೊತೆಗಿದ್ದ ಹೆಂಡತಿ, "ಮುಂಜಾನಿಂದ ಎಣ್ಣಿ ಹೊಡದಾರ್ರಿ. ಈಗ ಒಂದೇ ಸವನ ವಾಂತಿ ಮಾಡ್ಕೊಳಾಕತ್ತಾರ" ಎಂದಳು.

ನಮ್ಮ ಮೈಸೂರಿನ ಕಡೆ ಎಣ್ಣೆ ಹೊಡೆಯುವುದಕ್ಕೆ ಒಂದೇ ಅರ್ಥ, ಕುಡಿತ. "ಬೆಳಿಗ್ಗೆಯಿಂದಲೇ ಶುರುವಾ?" ಎಂದು ಗದರಿದೆ. "ಹೊಟ್ಟಿಪಾಡು ನೋಡ್ರಿ" ಎಂದಳು ಅವಳು. ಕುಡಿತಕ್ಕೂ ಹೊಟ್ಟೆಪಾಡಿನ ನೆಪವೇ ಎಂದು ಇನ್ನಷ್ಟು ಸಿಟ್ಟು ಬಂತು. ಚೀಟಿಯ ಮೇಲೆ ಮದ್ಯಪಾನ ಎಂದು ಬರೆದು, ಸಲೈನ್ ಹಾಕಿಸಿ, ಮೂಲೆಯ ಹಾಸಿಗೆಗೆ ಕಳಿಸಿಬಿಟ್ಟೆ.

ಬ್ರದರ್ ಆ ಹಾಸಿಗೆಯ ಮೇಲೆ ಬಗ್ಗಿ ಮೂಸಿದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ, "ಮೇಡಂ, ಅವನ ಕಣ್ಣ ಒಂದ್ಸಲ ನೋಡ್ತೀರೇನ್ರಿ?" ಎಂದರು.

"ನೋಡಿದ್ದೀನಿ ಬ್ರದರ್, ಕುಡಿದಿದ್ದಾನೆ." ನಾನು ನೋಡಿರಲಿಲ್ಲ.

"ಇಲ್ಲಿ ಎಣ್ಣಿ ಅಂದ್ರ ದಾರು ಅಲ್ರಿ. ಹುಳಕ್ಕ ಹೊಡಿಯೋ ಔಷಧ. ಅಂಗಿ ಪೂರಾ ತೊಯ್ದದ, ವಾಸನಿ ಬರ್ಲಿಕತ್ತದ."

ಓಡಿದೆ. ಟಾರ್ಚು ಬಿಟ್ಟರೆ ಕಣ್ಣಪಾಪೆ ಸೂಜಿಮೊನೆಯಷ್ಟಾಗಿತ್ತು, ಎದೆಯಲ್ಲಿ ಗೊರಗೊರ ಸದ್ದು. ಔಷಧದ ಕಪಾಟಿನ ಕಡೆ ತಿರುಗಿದೆ. ಬ್ರದರ್ ಬೆನ್ನ ಹಿಂದಿನಿಂದ ಕೈ ಮುಂದೆ ತಂದರು. ವಿಷ ಇಳಿಸುವ ಅಟ್ರೊಪಿನ್ ತುಂಬಿದ ಸಿರಿಂಜು ಆಗಲೇ ಅವರ ಕೈಯಲ್ಲಿತ್ತು. "ನೀವು ಹೇಳ್ರಿ, ನಾ ಹಾಕ್ತೀನಿ."

ಹೇಳಿದೆ. ಆಮೇಲೆ ಸಂಜೆಯವರೆಗೆ ಇಬ್ಬರೂ ಅವನನ್ನು ಬಿಟ್ಟು ಕದಲಲಿಲ್ಲ. ಬಟ್ಟೆ ಬಿಚ್ಚಿಸಿ, ಸಾಬೂನು ಹಚ್ಚಿ, ಮಗುವಿಗೆ ಎರೆದಂತೆ ಮೈ ತೊಳೆದವರೂ ಬ್ರದರೇ. ಎದೆಯ ಸದ್ದು ಅಡಗಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಚೀಟಿಯನ್ನು ಹರಿಯಹೊರಟದ್ದು. ಅವರು ನನ್ನ ಕೈ ತಡೆದರು.

"ಹರಿಬ್ಯಾಡ್ರಿ ಮೇಡಂ. ಒಂದ ಗೆರಿ ಎಳೀರಿ, ಬಾಜೂಕ ಖರೇ ಏನದ ಬರೀರಿ, ಸಹಿ ಮಾಡ್ರಿ. ತಪ್ಪು ಕಾಣ್ಲಿ ಬಿಡ್ರಿ."

ನಾಲ್ಕನೇ ದಿನ ಅವನು ಎದ್ದು ಕುಳಿತು ಗಂಜಿ ಕುಡಿದ. ಹೆಂಡತಿ ಬ್ರದರ್ ಕಾಲಿಗೆ ಬೀಳಹೋದಳು. ಅವರು ಹಿಂದೆ ಸರಿದು ಅದೇ ಹಳೆಯ ದನಿಯಲ್ಲಿ, "ನಾ ಬ್ರದರ್ ಅದೀನವ್ವಾ. ಡಾಕ್ಟರು ಅವ್ರು" ಎಂದರು. ಅಷ್ಟು ದಿನ ಕಿವಿಗೆ ಹಿತವಾಗಿದ್ದ ಮಾತು ಅಂದು ಚುಚ್ಚಿತು. ತಪ್ಪು ನನ್ನದು, ಸುಮ್ಮಸುಮ್ಮನೆ ಬೈದೆ ಎಂದು ಆಕೆಗೆ ಹೇಳಿದೆ. "ಅದ್ರಾಗೇನದ ಬಿಡ್ರಿ, ನಮ್ಮ ಮಾತ ನಿಮಗ ತಿಳೀಲಿಲ್ಲ" ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡಿದಳು.

ಎರಡು ವರ್ಷಕ್ಕೆಂದು ಬಂದವಳು ಇಲ್ಲೇ ಉಳಿದೆ. ಈಗ ನಮ್ಮ ತುರ್ತು ವಿಭಾಗದ ಚಹರೆಯೇ ಬೇರೆ. ಆಯುಷ್ ವೈದ್ಯರಿದ್ದಾರೆ, ಗುತ್ತಿಗೆ ನರ್ಸುಗಳಿದ್ದಾರೆ, ಆಂಬುಲೆನ್ಸಿನಲ್ಲೇ ಅರ್ಧ ಚಿಕಿತ್ಸೆ ಮುಗಿಸಿ ಬರುವ ಹುಡುಗರಿದ್ದಾರೆ. ಯಾರು ಏನು ಮಾಡಬಹುದು, ಯಾರು ಮಾಡಕೂಡದು ಎಂದು ಮೀಟಿಂಗುಗಳಲ್ಲಿ ಜಗಳವೋ ಜಗಳ. ನನಗೆ ಆಗೆಲ್ಲ ಬೆನ್ನ ಹಿಂದೆ ಹಿಡಿದ ಆ ಸಿರಿಂಜು ನೆನಪಾಗುತ್ತದೆ. ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು, ಆದರೂ ಕೇಳಿದರು. ನಾನು ಮತ್ತೊಮ್ಮೆ ಕುಡಿತವೇ ಎಂದಿದ್ದರೆ ಏನು ಮಾಡುತ್ತಿದ್ದರೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ನಿವೃತ್ತಿಗೆ ಮುಂಚೆ ಕೊರೊನಾ ಬಂದು ಅವರಿಗೆ ವಾಸನೆ ಹಿಡಿಯುವ ಶಕ್ತಿಯೇ ಹೊರಟುಹೋಯಿತು. "ಇನ್ನ ನೀವೇ ಮೂಸಬೇಕ್ರಿ ಮೇಡಂ" ಎಂದು ನಕ್ಕರು. ಈಗ ನಾನು ಮೂಸುತ್ತೇನೆ, ನಾಚಿಕೆಯಿಲ್ಲದೆ.

ಹೋದ ಚಳಿಗಾಲದಲ್ಲಿ ಎದೆನೋವೆಂದು ಅವರನ್ನೇ ಕರೆತಂದರು. ನಾನು ಬರುವಷ್ಟರಲ್ಲಿ ಹೊಸ ನರ್ಸು ಹುಡುಗಿ ಇಸಿಜಿ ತೆಗೆದು, ಇದು ಹೃದಯಾಘಾತವೇ ಎಂದು ಗುರುತಿಸಿ, ಮಾತ್ರೆ ಎಣಿಸಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು. "ಶಾಣ್ಯಾ ಹುಡುಗಿ ಅದಾಳ. ಆಕಿ ಮಾತ ಕೇಳ್ರಿ" ಎಂದರು ಬ್ರದರ್. ಕೊಡು ಎಂದೆ. ಕಲಬುರಗಿಗೆ ಕರೆದೊಯ್ಯಲು ಆಂಬುಲೆನ್ಸಿಗೆ ಏರಿಸುವಾಗ, ನನ್ನನ್ನು ಎಂದೂ ನೋಡಿರದ ಅವರ ಹೆಂಡತಿ ನನ್ನ ತೋಳು ಹಿಡಿದೆಳೆದು, "ಸಿಸ್ಟರ್, ಡಾಕ್ಟರ್ ಎಲ್ಲಿ ಹೋಗ್ಯಾರ್ರಿ?" ಎಂದು ಅತ್ತರು.

ಅವರು ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸರಿಸಿದರು. "ಏ, ಡಾಕ್ಟರು ಅವ್ರು."

ದಾರಿಯಲ್ಲೇ ಹೋದರು. ಪಕ್ಕದಲ್ಲಿ ಕೈ ಹಿಡಿದು ಕೂತಿದ್ದೆ, ಉಳಿಸಿಕೊಳ್ಳಲು ಆಗಲಿಲ್ಲ. ನಾನು ನಿಜವಾಗಿ ಡಾಕ್ಟರಾಗುವುದಕ್ಕೆ ಎಷ್ಟೋ ಮೊದಲೇ ನನ್ನನ್ನು ಡಾಕ್ಟರು ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರು.